ಓ ಕಂಡಲ್ಲೆಲ್ಲ ಸೊನ್ನೆ

ವಾರ್ನಂಬೂಲಿನ ಡೇರಿ. ರಾತ್ರಿ ಪಾಳಿ.
ಟ್ಯಾಂಕರ್ ನಂಬರುಗಳಲ್ಲಿ ಯಾರೋ
ಸೊನ್ನೆಯ ಬದಲು ಇಂಗ್ಲಿಷಿನ ಓ ಒತ್ತಿದ್ದರು.
ಒಂದೇ ಸಾಲು ಬರೆದೆ:
ಓ ಕಂಡಲ್ಲೆಲ್ಲ ಸೊನ್ನೆ.
ಎಂಟರ್. ಚಹಾ.

ಬೆಳಿಗ್ಗೆ ಫೋನು. ಮೊಯ್ರಾ ಓಡೌಡ್,
ನೂರಿಪ್ಪತ್ತು ಹಸುಗಳ ಒಡತಿ:
"ಬಿಲ್ಲಿನಲ್ಲಿ ನನ್ನ ಹೆಸರಿಗೆ
ಮೂರು ತೂತು ಬಿದ್ದಿವೆಯಲ್ಲ, ಮಾರಾಯ!"

ನಮ್ಮ ನುಡಿಯೂ ಒಂದು ಕಾಲಕ್ಕೆ
ಪ ತೆಗೆದು ಹ ಇಟ್ಟಿತ್ತು.
ಪೂ ಹೂವಾಯಿತು, ಪುಲಿ ಹುಲಿ, ಪಾಲ್ ಹಾಲು.
ಯಾರೂ ಎಂಟರ್ ಒತ್ತಿರಲಿಲ್ಲ.
ನೂರಾರು ವರ್ಷ ನಾಲಗೆಗಳು
ಒಂದೊಂದೇ ಮಾತನ್ನು ಹೊರಳಿಸಿ ನೋಡಿ,
ಕೆಲವನ್ನು ಬಿಟ್ಟವು.
ಪಾಪ ಪಾಪವಾಗಿಯೇ ಉಳಿಯಿತು.
ಹಂಚಿಕೊಳ್ಳುವ ಪಾಲು
ಹಾಲಾಗಲಿಲ್ಲ.

ನನ್ನ ಪಾಲಿಗೆ ಈಗ
ಮೊಯ್ರಾಳ ಮೂರು ಓ,
ಕೈಯಾರೆ,
ಒಂದೊಂದಾಗಿ.