ಎಂಟು ಎಳೆ

ಕೂಡಿಗೆಯಲ್ಲಿ ಮೂರು ದಿನದ ತರಬೇತಿ.
ಹಾಜರಿ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ
'ನೆಟ್‌ವರ್ಕ್ ನಿರ್ವಾಹಕಿ' ಎಂದು ಅಚ್ಚಾಗಿತ್ತು.
ಹೊಲಿಗೆ ಟೀಚರ್ ನಾನು, ಮಾದಾಪುರದವಳು;
ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು, ಅಷ್ಟೇ.

ಸಿಪ್ಪೆ ಸುಲಿದರೆ ಕೇಬಲ್ಲಿನೊಳಗೆ ಎಂಟು ಎಳೆ,
ಎರಡೆರಡು ಹೊಸೆದುಕೊಂಡು.
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ...
ಬೆಳ್ಯಪ್ಪ ಸರ್ ಮಗ್ಗಿಯ ಹಾಗೆ ಹೇಳಿಸಿದರು.
'ಹಸಿರಿನ ಜೋಡಿಯ ನಡುವೆ ನೀಲಿ ಯಾಕೆ ಬರಬೇಕು ಸರ್?'
ಕೇಳಿದವಳು ಸಿದ್ದಾಪುರದ ಸೈನಬಾ.
ಸರ್ ಕನ್ನಡಕ ತೆಗೆದು ಒರೆಸಿದರು.
ಉತ್ತರ ಊಟದ ನಂತರವೂ ಬರಲಿಲ್ಲ.

ನನ್ನ ಬೆರಳಿಗೆ ಮಾತ್ರ ಇದು ಹಳೆಯ ಕೆಲಸ:
ಎಳೆ ನೇರ ಮಾಡು, ತುದಿ ಸಮ ಕತ್ತರಿಸು,
ಉಗುರಿನಿಂದ ಒತ್ತಿ ಹಿಡಿ, ಉಸಿರು ಬಿಡಬೇಡ.
ಹತ್ತು ತುಂಡು ಕಟ್ಟಿದೆ, ಹತ್ತಕ್ಕೂ ಟೆಸ್ಟರಿನ ದೀಪ ಹತ್ತಿತು.
ಬಿ.ಸಿ.ಎ. ಓದಿದ ಹುಡುಗರು ಸುತ್ತ ನಿಂತು ನೋಡಿದರು.

ಗುರುವಾರ ಶಾಲೆಗೆ ಮರಳಿದರೆ
ಹನ್ನೆರಡು ಕಂಪ್ಯೂಟರಿನಲ್ಲಿ ಒಂದಕ್ಕೂ ಇಂಟರ್ನೆಟ್ಟಿಲ್ಲ.
ಗೋಡೆ ತಡವುತ್ತ ಹೋದೆ. ಬೀರುವಿನ ಹಿಂದೆ
ಕಂದು ಎಳೆಯೊಂದನ್ನು ಬಿಟ್ಟು
ಉಳಿದದ್ದೆಲ್ಲ ಹೆಗ್ಗಣ ಕಡಿದಿತ್ತು.
ಅದಕ್ಕೂ ಕಂದು ಸೇರದೇನೋ.

ಹೊಸ ಕೇಬಲ್ ಎಳೆದು ಎರಡೂ ತುದಿ ಕಟ್ಟಿದೆ.
ಪಿಂಗ್ ಅಂದರೆ ಕೂಗು, ಅಂದಿದ್ದರು ಸರ್,
ಆಚೆ ಗುಡ್ಡದವರು ಓಗೊಟ್ಟರೆ ದಾರಿ ಇದೆ ಅಂತ.
ಕೂಗಿದೆ. ಇಲ್ಲ.
ಮತ್ತೆ ಕೂಗಿದೆ.
ಇಲ್ಲ.
ಏಳನೆಯ ತರಗತಿಯ ಬಿದ್ದಪ್ಪ
ಮೇಜಿನ ಕೆಳಗಿನಿಂದ ತಲೆ ಹೊರಹಾಕಿ
'ಟೀಚರ್, ರೌಟರಿನ ಸ್ವಿಚ್ಚೇ ಹಾಕಿಲ್ಲ' ಅಂದ.

ಎಲ್ಲರೂ ನಕ್ಕ ಗದ್ದಲದಲ್ಲಿ
ಓಗೊಟ್ಟದ್ದು ಯಾವಾಗಲೋ ನಾನು ನೋಡಲಿಲ್ಲ.
ಪರದೆ ಬರೆದಿಟ್ಟಿತ್ತು: ನಾಲ್ಕು ಮಿಲಿಸೆಕೆಂಡ್.
ಸೂಜಿಯ ಕಣ್ಣು ಹುಡುಕಲೂ ಸಾಲದು.