ಹಿಂದೆ ಕೂತವಳು

ಏಳೂ ಇಪ್ಪತ್ತರ ಪ್ಯಾಸೆಂಜರಿಗೆ ಯಲಿಯೂರಲ್ಲಿ ಹತ್ತಿ
ಬಾಗಿಲ ಪಕ್ಕ ನಿಂತೇ ಓದುತ್ತೇನೆ: ದಮನ, ಪ್ರತಿರೋಧ, ಸ್ಥಾನಪಲ್ಲಟ.
ಜೆರಾಕ್ಸ್ ಹಾಳೆಯ ಮೇಲೆ ಯಾರದೋ ಹಳೇ ಪೆನ್ಸಿಲ್ ಗೆರೆ.
ನನಗಿಂತ ಮೊದಲು ಕಲಿತವರು ಎಲ್ಲಿ ಬೆಚ್ಚಿದರೋ
ಅಲ್ಲಿ ಗೆರೆ ಎರಡೆರಡು.

ಗಂಗೋತ್ರಿಯ ಕೊನೇ ಕೋಣೆ. ಫ್ಯಾನು ಮೂರರಲ್ಲೇ ಸಿಕ್ಕಿಕೊಂಡಿದೆ.
ಪದ್ಮಾಂಬಿಕೆ ಮೇಡಂ ಬೋರ್ಡಿನ ಮೇಲೆ ಒಂದು ಮಂಚ ಬರೆದು
ತಲೆಯ ಹಿಂದೆ ಒಂದು ಕುರ್ಚಿ ಬರೆದರು.
‘ಕೇಳುವವರು ಇಲ್ಲಿ. ಮುಖ ಕಾಣಬಾರದು.
ಮಲಗಿದವರು ಬಾಯಿಗೆ ಬಂದದ್ದೆಲ್ಲ ಹೇಳಬೇಕು, ಆರಿಸದೆ.’
ಯಾಕೆ ಮೇಡಂ ಹಿಂದೆ, ಅಂದ ಹುಣಸೂರಿನ ಇರ್ಫಾನ್.
ಮೇಡಂ ಕಾರಣ ಮೂರು ಕೊಟ್ಟರು. ಎಲ್ಲರೂ ಬರೆದುಕೊಂಡರು.

ನಾನು ಬರೆಯಲಿಲ್ಲ.
ನನಗೆ ಕಂಡದ್ದು ನಮ್ಮ ಹಿತ್ತಿಲ ಮೆಟ್ಟಿಲು,
ಮೇಲಿನ ಮೆಟ್ಟಿಲಲ್ಲಿ ಅವ್ವ, ಕೆಳಗೆ ನಾನು,
ಹೇನು ಹೆಕ್ಕುವ ಅವಳ ಉಗುರು, ಹರಳೆಣ್ಣೆ ವಾಸನೆ.
ಕದ್ದ ರಬ್ಬರು, ಮೇಷ್ಟ್ರ ಬೆತ್ತ, ಮೊದಲ ಸಲ ಕಂಡ ರಕ್ತ,
ಎಲ್ಲ ಹೇಳಿದ್ದು ನಾಲೆಯ ಕಡೆ ಮುಖ ಮಾಡಿಕೊಂಡೇ.
‘ಹ್ಞೂಂ’ ಅನ್ನುತ್ತಿದ್ದಳು ಅವಳು. ಅಷ್ಟೆ.
ಕೆಲವು ಕಡೆ ಮಾತ್ರ ಬಾಚಣಿಗೆ ಒಂದು ಗಳಿಗೆ ನಿಲ್ಲುತ್ತಿತ್ತು.
ಶುಲ್ಕವೆಂದರೆ ಸಂಜೆ ಕೊಟ್ಟಿಗೆ ಗುಡಿಸುವುದು.

ಮುಂದಿನ ವಾರ ನಾಲಗೆ ಜಾರುವ ಪಾಠ.
‘ಬಾಯಿ ತಪ್ಪಿ ಬಂದ ಮಾತು
ದಾರಿ ತಪ್ಪಿ ಬಂದದ್ದಲ್ಲ,’ ಅಂದರು ಮೇಡಂ.
ಪೆನ್ನು ಕೈಯಲ್ಲೇ ಉಳಿಯಿತು.
ಅವ್ವ ನನ್ನನ್ನು ಕರೆಯುವುದು ಯಾವಾಗಲೂ ಎರಡು ಸಲ:
‘ಕೆಂಪೀ... ಏ ಸುನಂದಾ.’
ಕೆಂಪಿ ಅಂದರೆ ನಾನು ಹುಟ್ಟುವ ಮುಂಚೆ ಇದ್ದ ಹಸು ಇರಬೇಕು
ಅಂತ ಇಪ್ಪತ್ತೆರಡು ವರ್ಷ ನಂಬಿದ್ದೆ.
ಯಾರೂ ಹಾಗೆ ಹೇಳಿರಲಿಲ್ಲ.
ನಾನೇ ಕಟ್ಟಿಹಾಕಿದ್ದೆ ಆ ಹಸುವನ್ನು.

ಭಾನುವಾರ ಅವ್ವನ ತಲೆಗೆ ನಾನು ಎಣ್ಣೆ ಹಚ್ಚಿದೆ.
ಮೇಲಿನ ಮೆಟ್ಟಿಲು ನನ್ನದು.
ಮುಂದಲೆ ನರೆತಿದೆ, ನೆತ್ತಿಯಲ್ಲಿ ಬಿಂದಿಗೆಯ ಸಿಂಬಿ ತಿಂದ ಜಾಗ.
ಏನೂ ಕೇಳಬಾರದು, ಕಾಯಬೇಕು, ಹಾಳೆಯಲ್ಲಿ ಹಾಗಿದೆ.
ಅವಳು ಹಿಂಡಿಯ ಬೆಲೆ ಹೇಳಿದಳು, ಚಿಕ್ಕವ್ವನ ಮಂಡಿನೋವು ಹೇಳಿದಳು,
ಆಲೆಮನೆ ಹೊಗೆ ಈ ಕಡೀಕೇ ಬೀಸ್ತಾ ಅದೆ ಅಂದಳು.
ನಾನು ‘ಹ್ಞೂಂ’ ಅಂದೆ. ಮತ್ತೂ ಒಂದು ‘ಹ್ಞೂಂ’.
ಆಮೇಲೆ ತಡೆಯಲಾರದೆ,
‘ಅವ್ವಾ, ಕೆಂಪಿ ಯಾರು?’

ಕತ್ತಿನ ನರ ಬಿಗಿದದ್ದು ನನ್ನ ಬೆರಳಿಗೆ ತಿಳಿಯಿತು.
ನಾಲೆ ನೋಡುತ್ತ ಕೂತಳು, ತುಂಬ ಹೊತ್ತು.
‘ನೀರು ಬುಟ್ಟವ್ರೆ,’ ಅಂದಳು.
ಬಿಟ್ಟಿರಲಿಲ್ಲ.
ನಾಲೆಯ ತಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು.

ಸೋಮವಾರ ಕಿರುಪರೀಕ್ಷೆ, ಐದು ಅಂಕಕ್ಕೆ:
ಪ್ರತಿರೋಧವನ್ನು ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ.
ಹಾಳೆಯಲ್ಲಿದ್ದ ಆ ಪರದೇಶದ ಹೆಂಗಸನ್ನೇ ಬರೆದೆ.
ನಾಲ್ಕೂವರೆ ಬಂತು.
ಕೆಳಗೆ ಹಸಿರು ಇಂಕಿನಲ್ಲಿ ಮೇಡಂ: ‘ಸ್ವಂತದ್ದು ಇಲ್ಲವೆ?’

ರೈಲು ಇಳಿದು ಮನೆ ಮುಟ್ಟುವಾಗ ದೀಪ ಹತ್ತಿತ್ತು.
ಒಳಗಿನಿಂದ ಅವ್ವ ಕರೆದಳು:
‘ಸುನಂದಾ.’
ಒಂದೇ ಸಲ. ಹುಷಾರಾಗಿ, ತುಂಬಿದ ಕೊಡ ಇಳಿಸುವ ಹಾಗೆ.

ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದೆ,
ಇನ್ನೊಂದು ಹೆಸರಿಗೆ ಕಾಯುತ್ತ.