ಜುಟ್ಟು ಹೋದ ಜಟ್ಟಿ

ಕೊಕುರಾದ ರೈಲು ಸೇತುವೆಯಡಿ ಸುಗಿಯೆಯ ಹೋಟೆಲು.
ಮೇಲೆ ಗಾಡಿ ಹಾದಾಗೆಲ್ಲ
ಗ್ಲಾಸಿನ ಬಿಯರಿಗೆ ಮೈ ನಡುಕ.
ಅತ್ತ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದಿದೆ,
ಇತ್ತ ಈಗ ಶುರು.

"ಅವನದೂ ಒಂದು ಕುಸ್ತಿಯೇ?" ಎಂದ ಮೀನಂಗಡಿಯ ಇಸೋಗೈ,
ಬೆಂದ ಮೂಲಂಗಿಯನ್ನು ಕಡ್ಡಿಯಲ್ಲಿ ಸೀಳುತ್ತ.
"ಹಗ್ಗದವರೆಗೆ ಓಡಿ ವಾಪಸು ಬರುವಷ್ಟರಲ್ಲಿ
ನಾನೊಂದು ಪೆಟ್ಟಿಗೆ ಬಂಗುಡೆ ಮಾರಿಯೇನು.
ಎದುರಾಳಿ ಪಾಪ ನಿಂತೇ ಇದ್ದ,
ಕೊನೇ ಬಸ್ಸಿಗೆ ಕಾದವನ ಹಾಗೆ."

ಎಲ್ಲರೂ ನಕ್ಕರು.
ನಾನೂ ನಕ್ಕೆ, ಸುಳ್ಳೇಕೆ.

ನಿವೃತ್ತ ಲೆಕ್ಕದ ಮೇಷ್ಟ್ರು ಕುಬೋಡೆರಾ
ಎದೆಜೇಬಿನ ಪುಟ್ಟ ಪುಸ್ತಕ ತೆಗೆದರು.
"ನೂರಾ ಹನ್ನೆರಡು ಪಂದ್ಯ. ಗೆದ್ದದ್ದು ಮೂವತ್ತೊಂದು.
ಗೆಲುವು ಸೋಲು ಬಿಡಿ, ಅದು ಮೊದಲೇ ಬರೆದಿಟ್ಟದ್ದು.
ಆ ಅಂಗೈಯ ಏಟು ಮಾತ್ರ ಯಾರೂ ಬರೆದದ್ದಲ್ಲ.
ಮೂರನೇ ಸಾಲಿನಲ್ಲಿದ್ದೆ, ನನ್ನ ಕನ್ನಡಕ ಅದುರಿತು.
ಎರಡು ಸಲ ಕೊಮುಸುಬಿ ಪದವಿಗೇರಿದ ಕೈ ಅದು.
ಅದನ್ನು ತಂದು
ಮುಖವಾಡದ ಹುಡುಗರಿಗೆ ಆಟಕ್ಕೆ ಕೊಟ್ಟರಲ್ಲ!"

"ಹೊಟ್ಟೆಗೆ ಹಿಟ್ಟು ಬೇಕಲ್ಲ ಮೇಷ್ಟ್ರೇ,"
ಸುಗಿಯೆ ಒಲೆಯ ಕಡೆಯಿಂದಲೇ ಅಂದಳು.
"ಮಂಡಿ ಹೋದ ಮೇಲೆ ಪದವಿಯನ್ನು
ಬೇಯಿಸಿ ತಿನ್ನಲಾದೀತೆ?"

ಮೂಲೆಯಲ್ಲಿ ಪಾರ್ಸೆಲ್ ವ್ಯಾನು ಓಡಿಸುವ ಹುಡುಗಿ ಮಿನೋರಿ,
ಅವನ ಚಿತ್ರದ ಅಂಗಿ, ತೋಳು ಮಡಚಿದ್ದಾಳೆ.
"ನಿಮಗೆಲ್ಲ ಕಣ್ಣೊಳಗೆ ಇನ್ನೊಬ್ಬನಿದ್ದಾನೆ.
ನನಗೆ ಇವನೊಬ್ಬನೇ.
ಬೀಳುತ್ತಾನೆ, ರೆಫರಿ ಎಣಿಸುತ್ತಾನೆ,
ಐದು, ಆರು, ಏಳು.
ಏಳು ಅಂದಾಗ ಏಳುತ್ತಾನೆ.
ಅಷ್ಟು ದೊಡ್ಡ ಮೈ, ಒಂದೊಂದೇ ಅಂಗ ಕೂಡಿಸಿಕೊಂಡು.
ಬೆಳಗ್ಗೆ ನಾಲ್ಕಕ್ಕೆ ಅಲಾರಾಂ ಬಡಿದಾಗ
ನಾನೂ ಹಾಗೇ ಏಳೋದು."

ಯಾರೂ ಮಾತಾಡಲಿಲ್ಲ.
ಗಾಡಿಯೊಂದು ಹಾದುಹೋಯಿತು.

ನಾನು ಅವನ ಜುಟ್ಟು ಕಟ್ಟಿದವನು.
ಹನ್ನೊಂದು ವರ್ಷ, ಬೆಳಗಿನ ಅಭ್ಯಾಸ ಮುಗಿದೊಡನೆ,
ಬೆವರು ಹಬೆಯಾಡುವ ಆ ತಲೆ ನನ್ನ ಮೊಣಕಾಲಿನೆದುರು.
ಮೇಣದೆಣ್ಣೆ ಹಚ್ಚಿ, ಬಾಚಿ, ಎಳೆದು, ಬಿಗಿದು.
ಗುರು ಇಟ್ಟ ಹೆಸರು ಶಿಯೊನೊಮಿನೆ.
ಶಿಯೊ ಅಂದರೆ ಕಡಲಿನ ಉಬ್ಬರ,
ಶಿಯೊ ಅಂದರೆ ಉಪ್ಪೂ ಹೌದು.
ಉಬ್ಬರ ಇಳಿಯಿತು. ಉಪ್ಪು ಉಳಿಯಿತು.
ವಿದಾಯದ ದಿನ ಇನ್ನೂರು ಜನ ಸಾಲುಗಟ್ಟಿ
ಒಬ್ಬೊಬ್ಬರು ಒಂದೊಂದು ಕತ್ತರಿ.
ಕೊನೆಯದು ಗುರುವಿನದು.
ಬರಿದಾದ ಕತ್ತಿಗೆ ಚಳಿಯಾಗುತ್ತಿದೆ
ಎಂದು ಅವನು ನನ್ನೊಬ್ಬನಿಗೆ ಪಿಸುಗುಟ್ಟಿದ.

ಹತ್ತೊಂಬತ್ತು ವರ್ಷ ಅವನಿಗೆ ಕಲಿಸಿದ್ದು ಒಂದೇ ಪಾಠ:
ಅಂಗಾಲಲ್ಲದೆ ಮೈಯ ಬೇರಾವುದೂ
ನೆಲ ಮುಟ್ಟಕೂಡದು.
ಬೆರಳ ತುದಿ ತಾಗಿದರೂ ಸೋಲು.
ಈಗ ರಾತ್ರಿಗೆ ಎಂಟು ಸಲ
ಬೆನ್ನು ಕೊಟ್ಟು ಬೀಳುವುದಕ್ಕೆ ಸಂಬಳ.
ಮೂವತ್ತೈದರಲ್ಲಿ ಕಲಿಯಲು ಕೂತನಂತೆ,
ಗಲ್ಲ ಎದೆಗೊತ್ತಿ, ಉಸಿರು ಬಿಟ್ಟು,
ಇಪ್ಪತ್ತರ ಪೋರರ ಜೊತೆ.
ಬೀಳುವುದು ಕಷ್ಟವಲ್ಲವಂತೆ.
ಬೀಳುವ ಮುಂಚಿನ ಆ ಒಂದು ಗಳಿಗೆ
ಮೈ ಒಪ್ಪುವುದಿಲ್ಲವಂತೆ.

ಇಸೋಗೈ ಅದನ್ನೇ ನಿಧಾನ ಅನ್ನುತ್ತಾನೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ
ಎಂದು ಜಂಬ ಕೊಚ್ಚುವವರುಂಟು.
ಇವನಿಗೆ ಮೀಸೆಯಿಲ್ಲ.
ಆ ರಿಂಗಿನಲ್ಲಿ ಮಣ್ಣೂ ಇಲ್ಲ, ಬರೀ ಕ್ಯಾನ್ವಾಸು, ಹಲಗೆ.
ಆದರೂ ಈ ರಾತ್ರಿ ಅವನು ಎದ್ದು ನಿಂತಾಗ
ಬಲಗೈ ತಾನಾಗಿ ಹಿಂದಕ್ಕೆ ಹೋಗಿ
ತೊಡೆಯ ಹಿಂಬದಿ ಎರಡು ಸಲ ಒರೆಸಿಕೊಂಡಿತು.
ಇಲ್ಲದ ಮರಳು.
ಜನ ಹೋ ಎಂದು ಕೂಗುತ್ತಿದ್ದರು,
ಯಾರ ಕಣ್ಣಿಗೂ ಬಿದ್ದಂತಿಲ್ಲ.

"ನೀವೇನಂತೀರಿ ಟೊಕೊಹಿಸಾ, ಸುಮ್ಮನೆ ಕೂತಿರಲ್ಲ?"
ಸುಗಿಯೆ ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

"ಕೂದಲಿಗೆ ಆ ಹಳದಿ ಬಣ್ಣ," ಎಂದೆ,
"ಅವನಿಗೆ ಒಪ್ಪೋದಿಲ್ಲ."